ಡಿಸೈಸಿವ್ ಮೊಮೆಂಟ್: ಗಳಿಗೆ ಕೂಡಿ ಬಂದ ಫೋಟೋ

ಭಾನುವಾರ ಬೆಳಗ್ಗೆ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಗುಂಪಾಗಿ ಬೀದಿ ಸುತ್ತುವವರ ಜೊತೆ ಒಂದು ಸಲ ಹೋಗಿ ಬನ್ನಿ. ತಿಂಡಿಗೆ ಕೂತಾಗ ಎಲ್ಲರೂ ತಮ್ಮ ತಮ್ಮ ಫೋಟೋ ತೋರಿಸುತ್ತಾರೆ. ಆಗ ಒಬ್ಬರಲ್ಲ ಒಬ್ಬರ ಬಾಯಿಂದ ಈ ಮಾತು ಬಂದೇ ಬರುತ್ತದೆ: "ಚೆನ್ನಾಗಿದೆ ಗುರು, ಆದ್ರೆ ಡಿಸೈಸಿವ್ ಮೊಮೆಂಟ್ ಮಿಸ್ ಆಗಿದೆ." ಎದುರಿಗೆ ಕೂತವನು ಹೌದು ಅಂತ ತಲೆ ಆಡಿಸುತ್ತಾನೆ. ಮಿಸ್ ಆಗಿದ್ದು ಏನು ಅಂತ ಕೇಳಿದರೆ ಇಬ್ಬರಿಗೂ ಹೇಳಲು ಬರುವುದಿಲ್ಲ. ಅಷ್ಟರಲ್ಲಿ ದೋಸೆ ಬರುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ.

ಬಹಳ ಜನಕ್ಕೆ ಈ ಪದದ ಅರ್ಥ ಇಷ್ಟೇ: ಏನಾದರೂ ನಡೆಯುತ್ತಿರುವಾಗ ಅದರ ತುತ್ತತುದಿಯಲ್ಲಿ ಕ್ಲಿಕ್ ಮಾಡುವುದು. ಹುಡುಗ ನೆಗೆದಾಗ, ನಾಯಿ ಹಾರಿದಾಗ, ಪಾರಿವಾಳಗಳು ಒಟ್ಟಿಗೆ ಮೇಲೆದ್ದಾಗ. ಅಂದರೆ ಬೆರಳು ಚುರುಕಾಗಿದ್ದರೆ ಆಯಿತು. ನಾನೂ ಎರಡು ಮೂರು ವರ್ಷ ಹಾಗೇ ತಿಳಿದುಕೊಂಡಿದ್ದೆ. ನೆಗೆಯುವ ಹುಡುಗರ ಫೋಟೋಗಳೇ ಹಾರ್ಡ್ ಡಿಸ್ಕಿನಲ್ಲಿ ಒಂದು ಫೋಲ್ಡರ್ ತುಂಬ ಇವೆ. ಒಂದನ್ನೂ ಎರಡನೇ ಸಲ ನೋಡಬೇಕು ಅನ್ನಿಸುವುದಿಲ್ಲ.

ಪದ ಹುಟ್ಟಿದ್ದು 1952ರಲ್ಲಿ. ಫ್ರಾನ್ಸಿನ ಫೋಟೋಗ್ರಾಫರ್ ಆನ್ರಿ ಕಾರ್ಟಿಯೆ-ಬ್ರೆಸ್ಸಾನ್ (1908–2004) ಆ ವರ್ಷ ತಮ್ಮ ಫೋಟೋಗಳ ಒಂದು ದೊಡ್ಡ ಪುಸ್ತಕ ತಂದರು. ಅದರ ಹೊದಿಕೆ ಮಾಡಿಕೊಟ್ಟವರು ಚಿತ್ರಕಾರ ಮಾಟಿಸ್. ಅಮೆರಿಕದಲ್ಲಿ ಬಂದ ಇಂಗ್ಲಿಷ್ ಆವೃತ್ತಿಗೆ 'ದಿ ಡಿಸೈಸಿವ್ ಮೊಮೆಂಟ್' ಅಂತ ಹೆಸರಿಟ್ಟರು. ಪುಸ್ತಕದ ಶುರುವಿನಲ್ಲಿ ಕಾರ್ಡಿನಲ್ ದ ರೆಟ್ಸ್ ಎಂಬ 17ನೇ ಶತಮಾನದವರ ಮಾತೊಂದಿದೆ. ತನ್ನದೇ ಒಂದು ನಿರ್ಣಾಯಕ ಕ್ಷಣ ಇಲ್ಲದ್ದು ಲೋಕದಲ್ಲಿ ಯಾವುದೂ ಇಲ್ಲ ಅನ್ನುವುದು ಅದರ ತಾತ್ಪರ್ಯ. ಹೆಸರು ಬಂದದ್ದು ಅಲ್ಲಿಂದ.

ಆದರೆ ಫ್ರೆಂಚ್ ಪುಸ್ತಕದ ಹೆಸರು ಬೇರೆ: 'ಇಮಾಜ್ ಆ ಲಾ ಸೊವೆತ್'. ನನಗೆ ಇದೇ ಜಾಸ್ತಿ ಇಷ್ಟ. 'ಆ ಲಾ ಸೊವೆತ್' ಅನ್ನುವ ಮಾತನ್ನು ಫ್ರೆಂಚರು ಲೈಸೆನ್ಸ್ ಇಲ್ಲದೆ ಬೀದಿಯಲ್ಲಿ ಸಾಮಾನು ಮಾರುವವರ ಬಗ್ಗೆ ಆಡುತ್ತಾರೆ. ಪೊಲೀಸರು ಕಂಡ ಕೂಡಲೇ ಗಂಟು ಕಟ್ಟಿ ಓಡಲು ತಯಾರಾಗಿ ನಿಂತವರು. ನಮ್ಮ ಫುಟ್‌ಪಾತಿನಲ್ಲಿ ಬಟ್ಟೆ ಹಾಸಿ ಬೆಲ್ಟು, ಚಾರ್ಜರ್ ಮಾರುವ ಹುಡುಗರನ್ನು ನೋಡಿದ್ದೀರಲ್ವಾ? ಮೂಲೆಯಲ್ಲಿ ಜೀಪು ತಿರುಗಿದ್ದೇ ತಡ, ಬಟ್ಟೆಯ ನಾಲ್ಕೂ ತುದಿ ಒಟ್ಟು ಹಿಡಿದು ಗಲ್ಲಿಯೊಳಗೆ ಮಾಯ. ಹಾಗೆ ಗಡಿಬಿಡಿಯಲ್ಲಿ, ಅರ್ಧ ಕದ್ದು, ಒಂದು ಕಣ್ಣು ಸುತ್ತಮುತ್ತ ಇಟ್ಟುಕೊಂಡು ತೆಗೆದ ಚಿತ್ರಗಳು ಅಂತ ಆ ಹೆಸರಿನ ಭಾವ. ಇಂಗ್ಲಿಷಿಗೆ ಹೋಗುವಾಗ ಆ ಬೀದಿಯ ಧೂಳೆಲ್ಲ ಉದುರಿ, ಪದಕ್ಕೆ ಒಂದು ಗಾಂಭೀರ್ಯ ಬಂದುಬಿಟ್ಟಿತು. ಕನ್ನಡದಲ್ಲಿ 'ನಿರ್ಣಾಯಕ ಕ್ಷಣ' ಅಂದರಂತೂ ಕೊನೆಯ ಓವರಿನಲ್ಲಿ ಹನ್ನೆರಡು ರನ್ ಬೇಕು ಅನ್ನುವ ಹಾಗೆ ಕೇಳಿಸುತ್ತದೆ.

ಹಾಗಾದರೆ ಕಾರ್ಟಿಯೆ-ಬ್ರೆಸ್ಸಾನ್ ಹೇಳಿದ್ದು ಏನು? ಪುಸ್ತಕದ ಬರಹದಲ್ಲಿ ಅದು ಸಾಕಷ್ಟು ಸ್ಪಷ್ಟವಾಗಿದೆ. ಕಣ್ಣೆದುರು ನಡೆಯುತ್ತಿರುವುದರ ಅರ್ಥ, ಅದನ್ನು ಚೌಕಟ್ಟಿನೊಳಗೆ ಹಿಡಿದಿಡುವ ಆಕಾರಗಳ ಜೋಡಣೆ, ಎರಡನ್ನೂ ಸೆಕೆಂಡಿನ ಒಂದು ಚೂರಿನಲ್ಲಿ ಒಟ್ಟಿಗೇ ಗುರುತಿಸುವುದು. ಒಟ್ಟಿಗೇ ಅನ್ನುವುದು ಇಲ್ಲಿ ಮುಖ್ಯ. ಘಟನೆ ಇದ್ದು ಜೋಡಣೆ ಇಲ್ಲದಿದ್ದರೆ ಅದು ಪೇಪರಿನ ಸುದ್ದಿ ಫೋಟೋ. ಜೋಡಣೆ ಇದ್ದು ಏನೂ ನಡೆಯದಿದ್ದರೆ ಕ್ಯಾಲೆಂಡರು.

ಇದಕ್ಕೆ ನಮ್ಮಲ್ಲಿ ದಿನಾ ಆಡುವ ಮಾತೇ ಇದೆ. ಮದುವೆ ತಡವಾದರೆ, ಮನೆ ಕಟ್ಟುವುದು ಮುಂದೆ ಹೋದರೆ ಹಿರಿಯರು ಏನು ಹೇಳುತ್ತಾರೆ? "ಗಳಿಗೆ ಕೂಡಿ ಬರಬೇಕು ಕಣಪ್ಪಾ." ಹುಡುಗ, ಹುಡುಗಿ, ದುಡ್ಡು, ಛತ್ರ ಎಲ್ಲ ಬೇರೆ ಬೇರೆ ಕಡೆಯಿಂದ ಬಂದು ಒಂದು ಕಡೆ ಸೇರಬೇಕು. ಬೀದಿ ಫೋಟೋದಲ್ಲೂ ಅಷ್ಟೇ, ಹಲವು ಸಂಗತಿಗಳು ಕೂಡಿ ಬರಬೇಕು. ಪಂಚಾಂಗದ ಲೆಕ್ಕದಲ್ಲಿ ಒಂದು ಗಳಿಗೆ ಅಂದರೆ 24 ನಿಮಿಷ. ಕ್ಯಾಮೆರಾಗೆ ಸಿಗುವುದು ಸೆಕೆಂಡಿನ 250ನೇ ಒಂದು ಪಾಲು. ಸ್ವಲ್ಪ ವ್ಯತ್ಯಾಸ ಇದೆ ಅನ್ನಿ.

ಕೂಡಿ ಬರುವುದು ಅಂದರೆ ಹೇಗೆ ಅಂತ ನೋಡಲು ಎಲ್ಲರೂ ತೋರಿಸುವ ಕಾರ್ಟಿಯೆ-ಬ್ರೆಸ್ಸಾನ್ ಅವರ ಫೋಟೋವನ್ನೇ ನಾನೂ ತೋರಿಸುತ್ತೇನೆ. ಇದಕ್ಕಿಂತ ಒಳ್ಳೆ ಉದಾಹರಣೆ ಸಿಕ್ಕಿಲ್ಲ. 1932, ಪ್ಯಾರಿಸ್, ಸ್ಯಾಂ-ಲಜಾರ್ ರೈಲು ನಿಲ್ದಾಣದ ಹಿಂಭಾಗ. ನೆಲದ ತುಂಬ ನೀರು ನಿಂತಿದೆ. ನೀರಿನಲ್ಲಿ ಬಿದ್ದಿರುವ ಏಣಿಯಿಂದ ಒಬ್ಬ ಮುಂದಕ್ಕೆ ಹಾರಿದ್ದಾನೆ. ಹಿಮ್ಮಡಿ ನೀರಿಗೆ ತಾಗಿಲ್ಲ, ಇನ್ನೇನು ತಾಗಬೇಕು. ಹಿಮ್ಮಡಿಗೂ ಕೆಳಗಿನ ಅದರ ಪ್ರತಿಬಿಂಬಕ್ಕೂ ನಡುವೆ ಒಂದು ಸಣ್ಣ ಸಂದು.

ಫೋನಿನಲ್ಲಿ ಫೋಟೋ ತೆರೆದು ಆ ಸಂದಿನ ಮೇಲೆ ಹೆಬ್ಬೆರಳು ಇಡಿ. ಜೀವ ಹೋಯಿತು. ಈಗ ಬೆರಳನ್ನು ಹಿಂದಿನ ಗೋಡೆಗೆ ತನ್ನಿ. ಅಲ್ಲೊಂದು ಪೋಸ್ಟರ್ ಇದೆ, ಅದರಲ್ಲಿ ನೃತ್ಯಗಾತಿ ಕಾಲು ಚಾಚಿ ಹಾರುತ್ತಿದ್ದಾಳೆ. ಈ ಮನುಷ್ಯ ಹಾರುವ ಭಂಗಿಯೇ ಅದು, ದಿಕ್ಕು ಮಾತ್ರ ಉಲ್ಟಾ. ಅವಳನ್ನು ಮುಚ್ಚಿದರೆ ಉಳಿಯುವುದು ಚಪ್ಪಲಿ ನೆನೆಯುತ್ತದಲ್ಲ ಅಂತ ಒದ್ದಾಡುವ ಒಬ್ಬ ಮನುಷ್ಯ. ಬೆರಳು ತೆಗೆದರೆ ಅವನೂ ಕುಣಿಯುತ್ತಾನೆ. ದೂರದಲ್ಲಿ ಬೇಲಿಯ ಹತ್ತಿರ ಇನ್ನೊಬ್ಬ ಸುಮ್ನೆ ನಿಂತಿದ್ದಾನೆ. ಅವನು ಕದಲದೆ ನಿಂತಿರುವುದರಿಂದಲೇ ಇವನ ಓಟ ಕಾಣುತ್ತದೆ. ನೀರಿನಲ್ಲಿ ಬಿದ್ದ ಮುರುಕು ಬಳೆಯಂಥ ಕಬ್ಬಿಣದ ಪಟ್ಟಿಗಳು, ಇವನು ಏಣಿಯಿಂದ ಹೊರಟಾಗ ಎದ್ದ ಅಲೆಗಳು, ಎಲ್ಲ ಅರ್ಧ ವೃತ್ತಗಳು. ನೆಗೆತ ಒಂದೇ ಆಗಿದ್ದರೆ ಆ ಫೋಟೋವನ್ನು ಯಾರೂ ನೆನಪಿಟ್ಟುಕೊಳ್ಳುತ್ತಿರಲಿಲ್ಲ.

ಇದರ ಹಿಂದಿನ ಕಥೆ ಇನ್ನೂ ಚೆನ್ನಾಗಿದೆ. ಕ್ಯಾಮೆರಾ ಇದ್ದ ಕಡೆ ಹಲಗೆಗಳ ಬೇಲಿ ಇತ್ತು. ಎರಡು ಹಲಗೆಗಳ ಸಂದಿಯಲ್ಲಿ ಲೆನ್ಸ್ ತೂರಿಸಿ ಕ್ಲಿಕ್ ಮಾಡಿದರು. ಸಂದಿ ಎಷ್ಟು ಕಿರಿದು ಅಂದರೆ ಎಡಗಡೆ ಹಲಗೆ ಅಡ್ಡ ಬಂದಿತ್ತು. ಕ್ರಾಪ್, ಅಂದರೆ ಫೋಟೋದ ಅಂಚು ಕತ್ತರಿಸುವುದು, ಅಂದರೆ ಮುಖ ಗಂಟಿಕ್ಕುತ್ತಿದ್ದ ಮನುಷ್ಯ ಈ ಫೋಟೋವನ್ನು ಕ್ರಾಪ್ ಮಾಡಬೇಕಾಯಿತು. ಹಾರುವವನು ತನಗೆ ಕಂಡೇ ಇರಲಿಲ್ಲ, ಅದು ಅದೃಷ್ಟ ಅಂತ ವಯಸ್ಸಾದ ಮೇಲೆ ಅವರೇ ಹೇಳಿದ್ದಾರೆ. ಡಿಸೈಸಿವ್ ಮೊಮೆಂಟಿಗೆ ಜಗತ್ತೇ ಕೊಡುವ ಉದಾಹರಣೆಯಲ್ಲಿ ತೆಗೆದವರಿಗೆ ಆ ಮೊಮೆಂಟ್ ಕಂಡಿರಲೇ ಇಲ್ಲ! ಹಾಗಂತ ಸುಮ್ಮನೆ ಒಲಿದ ಅದೃಷ್ಟವೂ ಅಲ್ಲ. ನೀರು, ಏಣಿ, ಪೋಸ್ಟರ್ ನೋಡಿ ಇಲ್ಲೇನೋ ಆಗುತ್ತದೆ ಅಂತ ಆ ಸಂದಿಯನ್ನು ಹುಡುಕಿದ್ದು ಅವರ ಕಣ್ಣು.

ಇಲ್ಲಿಗೆ ಬೆರಳಿನ ಚುರುಕು ಅನ್ನುವ ವಾದ ಸಡಿಲವಾಗುತ್ತದೆ. ಅದೇ ವರ್ಷ ಇಯೆರ್ ಎಂಬ ಊರಿನಲ್ಲಿ ತೆಗೆದ ಇನ್ನೊಂದು ಫೋಟೋದಲ್ಲಿ ಸುರುಳಿ ಮೆಟ್ಟಿಲುಗಳ ಕೆಳಗೆ ಸೈಕಲ್ಲಿನವನು ಹಾದು ಹೋಗುತ್ತಾನೆ. ಮೆಟ್ಟಿಲು, ಕಂಬಿ, ಬೀದಿಯ ತಿರುವು ಎಲ್ಲ ಮೊದಲೇ ಅಲ್ಲಿದ್ದವು. ಬೇಕಾಗಿದ್ದು ಒಂದು ಸೈಕಲ್ಲು. ಒಳ್ಳೆಯ ಬೀದಿ ಫೋಟೋಗಳಲ್ಲಿ ಬಹಳಷ್ಟು ಹೀಗೆಯೇ. ಮೊದಲು ಜಾಗ ಹುಡುಕಿ, ಆಮೇಲೆ ಮನುಷ್ಯನಿಗೆ ಕಾಯುವುದು. ಬೇಟೆಗಿಂತ ಗಾಳ ಹಾಕಿ ಕೂತ ಹಾಗೆ.

ಬಟನ್ ಒತ್ತಿ ಹಿಡಿದರೆ ಸಾಲಾಗಿ ಫೋಟೋ ತೆಗೆಯುವ ಬರ್ಸ್ಟ್ ಮೋಡ್ ಇದೆಯಲ್ಲ, ಕಾಯುವುದು ಯಾಕೆ ಅಂತ ಕೇಳುತ್ತೀರಿ. ಲೆಕ್ಕ ಹಾಕಿ. ಸೆಕೆಂಡಿಗೆ 10 ಫೋಟೋ, ಒಂದೊಂದೂ 1/250 ಸೆಕೆಂಡ್. ಒಟ್ಟು ಸೇರಿಸಿದರೆ ಆ ಸೆಕೆಂಡಿನ ನೂರರಲ್ಲಿ 4 ಪಾಲು ಮಾತ್ರ ದಾಖಲಾಗುತ್ತದೆ. ಉಳಿದ 96 ಪಾಲು ಸೋರಿ ಹೋಗುತ್ತದೆ. ಹಿಮ್ಮಡಿಯ ಆ ಸಂದು ಆ 96ರಲ್ಲೇ ಇರಬಹುದು. ಫೋಕಸ್ ಆಗಲಿಲ್ಲ ಅನ್ನುವ ದೂರಿಗೂ ಹಳೆಯ ಉಪಾಯ ಇದೆ. 35 ಎಂಎಂ ಲೆನ್ಸನ್ನು ಎಫ್ 8ಕ್ಕೆ (ಬೆಳಕಿನ ಕಿಂಡಿ ಕಿರಿದಾಗಿ) ಇಟ್ಟು, ಫೋಕಸ್ಸನ್ನು 3 ಮೀಟರಿಗೆ ನಿಲ್ಲಿಸಿದರೆ ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ ಸುಮಾರು 2 ಮೀಟರಿನಿಂದ 7 ಮೀಟರಿನವರೆಗೆ ಎಲ್ಲ ಚೊಕ್ಕವಾಗಿ ಬರುತ್ತದೆ. ಆಮೇಲೆ ಆ ಕಡೆ ಗಮನ ಕೊಡಬೇಕಾಗಿಲ್ಲ.

ಈ ಪದವನ್ನು ಒಪ್ಪದವರೂ ಇದ್ದಾರೆ, ಅವರ ಮಾತಿನಲ್ಲೂ ಹುರುಳಿದೆ. ರಾಬರ್ಟ್ ಫ್ರಾಂಕ್ 1955–56ರಲ್ಲಿ ಅಮೆರಿಕವನ್ನೆಲ್ಲ ಕಾರಿನಲ್ಲಿ ಸುತ್ತಿ ಸುಮಾರು 28,000 ಫೋಟೋ ತೆಗೆದರು. ಪುಸ್ತಕಕ್ಕೆ ಹಾಕಿದ್ದು 83. ಅವುಗಳಲ್ಲಿ ತುತ್ತತುದಿ ಅಂತ ಏನೂ ಇಲ್ಲ. ಏನೋ ಆಗಿ ಮುಗಿದ ಮೇಲಿನ, ಅಥವಾ ಏನೂ ಆಗದ ಹೊತ್ತುಗಳೇ ಜಾಸ್ತಿ. ನಮ್ಮ ರಘು ರಾಯ್ 1995ರಲ್ಲಿ ಮುಂಬೈನ ಚರ್ಚ್‌ಗೇಟ್ ನಿಲ್ದಾಣದಲ್ಲಿ ಶಟರನ್ನು ಹೆಚ್ಚು ಹೊತ್ತು ತೆರೆದಿಟ್ಟರು. ಓಡುವ ಜನ ಹೊಗೆಯಾದರು. ಪೇಪರ್ ಓದುವವನು ಮಾತ್ರ ಕಲ್ಲಿನ ಹಾಗೆ ಉಳಿದ. ಆ ಫೋಟೋದಲ್ಲಿ ಕ್ಷಣವೇ ಇಲ್ಲ, ಹೊತ್ತು ಇದೆ. ಆದರೂ ಎಲ್ಲ ಕೂಡಿ ಬಂದಿದೆ. ರಾಯ್ ಅವರನ್ನು 1977ರಲ್ಲಿ ಮ್ಯಾಗ್ನಮ್ ಎಂಬ ಫೋಟೋಗ್ರಾಫರ್‌ಗಳ ಸಂಸ್ಥೆಗೆ ಸೂಚಿಸಿದವರು ಕಾರ್ಟಿಯೆ-ಬ್ರೆಸ್ಸಾನ್ ಅವರೇ.

ನ್ಯೂಯಾರ್ಕಿನ ಗ್ಯಾರಿ ವಿನೋಗ್ರಾಂಡ್ ಅವರದು ಇನ್ನೊಂದು ದಾರಿ. ತೆಗೆದ ಫಿಲ್ಮ್ ರೋಲನ್ನು ಒಂದು ವರ್ಷವಾದರೂ ತೊಳೆಯದೆ, ಅಂದರೆ ಡೆವಲಪ್ ಮಾಡದೆ ಇಡುತ್ತಿದ್ದರು. ತೆಗೆದ ದಿನದ ಖುಷಿ ಆರಿದ ಮೇಲೆ ನೋಡಿದರೆ ಫೋಟೋ ಫೋಟೋವಾಗಿ ಕಾಣುತ್ತದೆ ಅನ್ನುವುದು ಅವರ ನಂಬಿಕೆ. 1984ರಲ್ಲಿ ತೀರಿಕೊಂಡಾಗ ತೊಳೆಯದ ರೋಲುಗಳು ಸುಮಾರು 2,500 ಉಳಿದಿದ್ದವು. ಅದು ಅತಿಯಾಯಿತು, ಒಪ್ಪುತ್ತೇನೆ. ಆದರೆ ಕ್ಷಣವನ್ನು ಎರಡು ಸಲ ಹಿಡಿಯಬೇಕು, ಬೀದಿಯಲ್ಲಿ ಒಮ್ಮೆ, ಮನೆಯಲ್ಲಿ ಕೂತು ಆರಿಸುವಾಗ ಇನ್ನೊಮ್ಮೆ ಅನ್ನುವುದು ನನಗೆ ಅವರಿಂದಲೇ ಹೊಳೆದದ್ದು. ನಾವು ಬಿಎಂಟಿಸಿ ಬಸ್ಸಿನಲ್ಲಿ ಕೂತು ಮನೆ ಸೇರುವ ಮೊದಲೇ ಪೋಸ್ಟ್ ಮಾಡಿರುತ್ತೇವೆ.

ನನ್ನದೇ ಒಂದನ್ನು ಹೇಳುತ್ತೇನೆ. ಬೆಂಗಳೂರಿನ ಕೆ.ಆರ್. ಮಾರ್ಕೆಟ್ಟಿಗೆ ಹೋದವರೆಲ್ಲ ಮೇಲಿನ ಮಹಡಿಯಿಂದ ಬಗ್ಗಿ ಹೂವಿನ ರಾಶಿಗಳ ಫೋಟೋ ತೆಗೆಯುತ್ತಾರೆ. ಕೆಂಪು, ಹಳದಿ, ಚೆಂದವೇ. ಆದರೆ ನಿಮ್ಮದು, ನನ್ನದು ಅಂತ ಗುರುತು ಸಿಗುವುದಿಲ್ಲ. ನಾನು ಹೊರಗೆ ಫುಟ್‌ಪಾತಿನಲ್ಲಿ ಕಟ್ಟಿದ ಮಲ್ಲಿಗೆ ಮಾರುವ ಒಬ್ಬ ಅಕ್ಕನ ಎದುರು ನಿಂತೆ. ತೆಗೆಯಲಾ ಅಂತ ಕೇಳಿದೆ. "ತಕ್ಕೊಳಿ, ವ್ಯಾಪಾರಕ್ಕೆ ಅಡ್ಡ ಬರಬೇಡಿ" ಅಂದರು. ಹೂವನ್ನು ಮೊಳದ ಲೆಕ್ಕದಲ್ಲಿ ಅಳೆಯುವುದು ಗೊತ್ತಲ್ಲ, ಮೊಣಕೈಯಿಂದ ನಡುಬೆರಳ ತುದಿವರೆಗೆ. ಆ ಕೈ ಚಾಚುವುದೇ ನನ್ನ ಕ್ಷಣ ಅಂದುಕೊಂಡೆ. ಮುಕ್ಕಾಲು ಗಂಟೆಯಲ್ಲಿ ಹನ್ನೊಂದು ಫೋಟೋ.

ಮೂರನೆಯದರಲ್ಲಿ ಕೈ ಪೂರ್ತಿ ಚಾಚಿದೆ, ಹೂವಿನ ದಾರ ನೆಟ್ಟಗೆ ನಿಂತಿದೆ. ಆದರೆ ಅಕ್ಕನ ತಲೆಯಿಂದಲೇ ಹೊರಟ ಹಾಗೆ ಹಿಂದೆ ಲೈಟು ಕಂಬ. ಏಳನೆಯದರಲ್ಲಿ ಕಂಬ ತಪ್ಪಿಸಿದೆ, ಆದರೆ ಕೊಳ್ಳುವವರ ಕೈಯೂ ಇವರ ಕೈಯೂ ಒಂದರ ಮೇಲೊಂದು ಬಿದ್ದು ಯಾವುದು ಯಾರದು ಅಂತ ತಿಳಿಯುವುದಿಲ್ಲ. ಒಂಬತ್ತನೆಯದರಲ್ಲಿ ಕೈ ಇನ್ನೂ ಮುಕ್ಕಾಲು ದಾರಿಯಲ್ಲಿದೆ. ಮಲ್ಲಿಗೆ ಗಾಳಿಯಲ್ಲಿ ಬಿಲ್ಲಿನ ಹಾಗೆ ಬಾಗಿದೆ, ಹಿಂದೆ ಕಪ್ಪು ಕೊಡೆ ಇರುವುದರಿಂದ ಒಂದೊಂದು ಮೊಗ್ಗೂ ಕಾಣುತ್ತದೆ. ಕೊಳ್ಳಲು ಬಂದ ಹೆಂಗಸಿನ ಕಣ್ಣು ಹೂವಿನ ಮೇಲಿಲ್ಲ, ಅಕ್ಕನ ಮೊಣಕೈ ಮೇಲಿದೆ. ಅಳತೆ ಸರಿ ಇದೆಯೋ ಇಲ್ಲವೋ ಅನ್ನುವ ಆ ನೋಟ ನನಗೆ ತೆಗೆಯುವಾಗ ಕಂಡಿರಲೇ ಇಲ್ಲ. ಎರಡು ತಿಂಗಳು ಬಿಟ್ಟು ಕಂಪ್ಯೂಟರಿನಲ್ಲಿ ನೋಡುವಾಗ ಸಿಕ್ಕಿತು.

ಪ್ರಿಂಟ್ ಹಾಕಿಸಿ ಒಂದು ಬೆಳಗ್ಗೆ ಅಕ್ಕನಿಗೆ ಕೊಡಲು ಹೋದೆ. ಕೈ ಒರೆಸಿಕೊಂಡು ತೆಗೆದುಕೊಂಡರು. ದೂರ ಹಿಡಿದರು, ಹತ್ತಿರ ಹಿಡಿದರು. ಪಕ್ಕದ ನಿಂಬೆಹಣ್ಣಿನವರಿಗೂ ತೋರಿಸಿದರು.

"ಏನ್ ಸಾರ್ ಇದು, ಕೈ ಅರ್ಧಕ್ಕೇ ನಿಂತಿದೆ. ನೋಡಿದೋರು ನಾನು ಮೊಳ ಕಮ್ಮಿ ಹಾಕ್ತೀನಿ ಅಂದ್ಕೊಳಲ್ವಾ? ಪೂರ್ತಿ ಅಳೆದಿರೋದು ಒಂದು ಇದ್ರೆ ಅದನ್ನ ಕೊಡಿ."

ಮುಂದಿನ ವಾರ ಮೂರನೆಯದನ್ನು ಪ್ರಿಂಟ್ ಹಾಕಿಸಿ ಕೊಟ್ಟೆ. ಲೈಟು ಕಂಬದ ಸಮೇತ.