ಜೆಎಫ್‌ಕೆ ಏರ್‌ಟ್ರೇನ್ ಮ್ಯಾನ್‌ಹಟನ್‌ವರೆಗೆ ಯಾಕೆ ಹೋಗುವುದಿಲ್ಲ?

ಪ್ರಶ್ನೆ: ನ್ಯೂಯಾರ್ಕಿನ ಜೆಎಫ್‌ಕೆ ವಿಮಾನ ನಿಲ್ದಾಣದಲ್ಲಿ ಡ್ರೈವರ್ ಇಲ್ಲದ ಏರ್‌ಟ್ರೇನ್ ಇದೆ. ಅಷ್ಟು ಖರ್ಚು ಮಾಡಿದವರು ಅದನ್ನು ಊರಿನ ಮುಖ್ಯ ಭಾಗವಾದ ಮ್ಯಾನ್‌ಹಟನ್‌ವರೆಗೂ ಒಯ್ಯಬಹುದಿತ್ತಲ್ವಾ? ಲಗೇಜ್ ಎಳೆದುಕೊಂಡು ನ್ಯೂಯಾರ್ಕಿನದೇ ಆದ ಜಮೈಕಾ ಸ್ಟೇಷನ್ನಿನಲ್ಲಿ ರೈಲು ಬದಲಿಸುವ ಪಾಡು ಯಾಕೆ?

ಉತ್ತರ: ಮೊದಲು ಹಾಗೇ ಮಾಡುವ ಯೋಚನೆಯಿತ್ತು. ಮ್ಯಾನ್‌ಹಟನ್‌ನಿಂದ ಹೊರಟು ಲಗಾರ್ಡಿಯಾ ವಿಮಾನ ನಿಲ್ದಾಣ ಮುಟ್ಟಿ ಜೆಎಫ್‌ಕೆಗೆ ಬರುವ ಹಾದಿ ಅದು. ಖರ್ಚು ಏರುತ್ತಾ ಹೋಯಿತು. 1995ರಲ್ಲಿ ಕೈಬಿಟ್ಟರು.

ಆಮೇಲೆ ಬಂದ ಚಿಕ್ಕ ಯೋಜನೆಗೆ ದೊಡ್ಡ ಪಾಲು ಹಣ ಬಂದದ್ದು ವಿಮಾನ ಪ್ರಯಾಣಿಕರ ಟಿಕೆಟ್ಟಿಗೆ ಸೇರಿಸುವ ಶುಲ್ಕದಿಂದ. ಆಗ ಅದು 3 ಡಾಲರ್. ಅಮೆರಿಕದ ಕಾನೂನಿನ ಪ್ರಕಾರ ಆ ದುಡ್ಡನ್ನು ವಿಮಾನ ನಿಲ್ದಾಣದ ಕೆಲಸಕ್ಕಷ್ಟೇ ಬಳಸಬೇಕು, ಊರಿನ ಮೆಟ್ರೋ ಕಟ್ಟುವುದಕ್ಕಲ್ಲ. ಈ ಚಿಕ್ಕ ಯೋಜನೆಗೆ ಆ ದುಡ್ಡು ಬಳಸುವುದಕ್ಕೇ ವಿಮಾನ ಕಂಪನಿಗಳ ಸಂಘ ತಕರಾರು ತೆಗೆದು ಕೋರ್ಟಿಗೂ ಹೋಗಿತ್ತು. ಹಾಗಾಗಿ ಏರ್‌ಟ್ರೇನ್ ಬೇರೆ ರೈಲುಗಳು ಸಿಗುವ ಜಮೈಕಾ ಮತ್ತು ಹೊವರ್ಡ್ ಬೀಚ್‌ಗೆ ಬಂದು ನಿಂತುಬಿಟ್ಟಿತು. ಸುಮಾರು 13 ಕಿಲೋಮೀಟರ್, 190 ಕೋಟಿ ಡಾಲರ್. ಹಳಿಯ ಅಗಲವೇನೋ ಸಬ್‌ವೇ, ಅಂದರೆ ಊರಿನ ಮೆಟ್ರೋ ಹಳಿಯಷ್ಟೇ ಇದೆ. ಅಡ್ಡ ಬಂದದ್ದು ಮುಖ್ಯವಾಗಿ ದುಡ್ಡಿನ ಕರಾರು.

ಕಟ್ಟಿದ್ದಂತೂ ಸುಲಭದ ಕೆಲಸವಲ್ಲ. ಸದಾ ಗಿಜಿಗುಡುವ ವ್ಯಾನ್ ವಿಕ್ ಹೆದ್ದಾರಿಯ ನಡುವೆ ಕಂಬ ನಿಲ್ಲಿಸಿ, ಬೇರೆಡೆ ಎರಕ ಹೊಯ್ದ ಕಾಂಕ್ರೀಟ್ ತುಂಡುಗಳನ್ನು ಮೇಲೆ ಜೋಡಿಸಿದರು. ರೈಲಿನ ಚಕ್ರಕ್ಕೆ ಇಲ್ಲಿ ಭಾರ ಹೊರುವುದಷ್ಟೇ ಕೆಲಸ. ಹಳಿಗಳ ನಡುವೆ ಚಪ್ಪಟೆ ಅಲ್ಯೂಮಿನಿಯಂ ಪಟ್ಟಿ ಇರುತ್ತದೆ, ಬೋಗಿಯ ಅಡಿಯಲ್ಲಿ ವಿದ್ಯುತ್ಕಾಂತ. ಇವೆರಡರ ನಡುವೆ ಹುಟ್ಟುವ ವಿದ್ಯುತ್ಕಾಂತ ಬಲವೇ ರೈಲನ್ನು ಮುಂದೆ ತಳ್ಳುತ್ತದೆ. ಮಳೆಗೆ ಹಳಿ ಒದ್ದೆಯಾದರೂ ಚಕ್ರ ಸುಮ್ನೆ ತಿರುಗಿ ಜಾರುವ ಭಯವಿಲ್ಲ. ಓಡಿಸುವುದು, ನಿಲ್ಲಿಸುವುದು, ಬಾಗಿಲು ತೆಗೆಯುವುದು ಎಲ್ಲ ಕಂಪ್ಯೂಟರ್.

2002ರ ಸೆಪ್ಟೆಂಬರಿನಲ್ಲಿ ಪರೀಕ್ಷೆ ನಡೆಯುವಾಗ ಒಂದು ದುರಂತವಾಯಿತು. ಜನರ ತೂಕಕ್ಕೆ ಬದಲಾಗಿ ಬೋಗಿಯೊಳಗೆ ಕಾಂಕ್ರೀಟ್ ದಿಮ್ಮಿಗಳನ್ನು ಇಟ್ಟಿದ್ದರು, ಬಿಗಿದು ಕಟ್ಟಿರಲಿಲ್ಲ. ತಿರುವಿನಲ್ಲಿ ರೈಲು ಹಳಿ ತಪ್ಪಿತು, ದಿಮ್ಮಿಗಳು ಜಾರಿದವು, ಪರೀಕ್ಷೆಗೆಂದು ಒಳಗಿದ್ದ ಯುವ ಆಪರೇಟರ್ ಸತ್ತುಹೋದ. ಉದ್ಘಾಟನೆ 2003ರ ಡಿಸೆಂಬರ್‌ಗೆ ಹೋಯಿತು.

ಮಕ್ಕಳನ್ನು ನೋಡಲು ಹೊರಟ ಅಪ್ಪ ಅಮ್ಮಂದಿರಿಗೆ ಒಂದು ಮಾತು. ಟರ್ಮಿನಲ್‌ಗಳ ನಡುವೆ ಓಡಾಡಲು ಏರ್‌ಟ್ರೇನ್ ಪುಕ್ಕಟೆ. ಜಮೈಕಾದಲ್ಲೋ ಹೊವರ್ಡ್ ಬೀಚ್‌ನಲ್ಲೋ ಹೊರಬೀಳುವಾಗ ಮಾತ್ರ ದುಡ್ಡು ಕೊಡಬೇಕು. ಜಮೈಕಾದಿಂದ ಸಬ್‌ವೇ ಅಗ್ಗ, ಆದರೆ ಹೊತ್ತು ಜಾಸ್ತಿ. ಲಗೇಜ್ ಇದ್ದರೆ ನಾನಂತೂ ಲಾಂಗ್ ಐಲ್ಯಾಂಡ್ ರೈಲ್ ರೋಡ್ ಎಂಬ ಉಪನಗರ ರೈಲು ಹತ್ತಿ ಅಂತಲೇ ಹೇಳುವುದು. ಸುಮಾರು 20 ನಿಮಿಷಕ್ಕೆ ಮ್ಯಾನ್‌ಹಟನ್‌ನ ಪೆನ್ ಸ್ಟೇಷನ್ ಬರುತ್ತದೆ.