ಶ್ವಾಸಕೋಶದ ರಕ್ತ ದಾರಿ ತಪ್ಪಿದಾಗ: ಟಿಎಪಿವಿಸಿಯ ನಾಲ್ಕು ಬಗೆ

ಶ್ವಾಸಕೋಶದಲ್ಲಿ ಶುದ್ಧವಾದ ರಕ್ತ ಸಾಮಾನ್ಯವಾಗಿ ನಾಲ್ಕು ಅಭಿಧಮನಿಗಳ ಮೂಲಕ ಎಡ ಹೃತ್ಕರ್ಣಕ್ಕೆ ಬರುತ್ತದೆ. ಗರ್ಭದ ಮೊದಲ ವಾರಗಳಲ್ಲಿ ಹೃತ್ಕರ್ಣದಿಂದ ಚಿಗುರುವ ನಾಳ ಶ್ವಾಸಕೋಶದ ರಕ್ತಜಾಲವನ್ನು ಕೂಡಿಕೊಳ್ಳದಿದ್ದರೆ, ಭ್ರೂಣದ ಹಳೆಯ ದಾರಿಗಳೇ ಉಳಿದು ಆ ರಕ್ತವೆಲ್ಲ ಹೃದಯದ ಬಲಭಾಗಕ್ಕೆ ಸೇರುತ್ತದೆ. ಇದೇ ಟಿಎಪಿವಿಸಿ (ಟೋಟಲ್ ಅನಾಮಲಸ್ ಪಲ್ಮನರಿ ವೀನಸ್ ಕನೆಕ್ಷನ್). ಹೃತ್ಕರ್ಣಗಳ ನಡುವೆ ರಂಧ್ರವಿದ್ದರೆ ಮಾತ್ರ ಮಗು ಬದುಕುತ್ತದೆ. ಒಂದೆರಡು ನಾಳವಷ್ಟೇ ದಾರಿ ತಪ್ಪಿದ್ದರೆ ಹಲವರಲ್ಲಿ ದೊಡ್ಡವರಾಗುವವರೆಗೂ ಗೊತ್ತಾಗುವುದಿಲ್ಲ.

1798ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ವಿಲ್ಸನ್ ಇದನ್ನು ವಿವರಿಸಿದ. ಆಮೇಲೆ ಬಹುಕಾಲ ಇದು ಶವಪರೀಕ್ಷೆಯ ಮೇಜಿನ ಮೇಲಷ್ಟೇ ತಿಳಿಯುವ ರೋಗವಾಗಿತ್ತು. 1951ರಲ್ಲಿ ಶಸ್ತ್ರಚಿಕಿತ್ಸಕ ಮುಲ್ಲರ್ ಇದನ್ನು ಭಾಗಶಃ ಸರಿಪಡಿಸಿದರು. 1956ರಲ್ಲಿ ಲೂಯಿಸ್ ಮತ್ತು ವಾರ್ಕೊ ದೇಹ ತಣ್ಣಗಾಗಿಸಿ, ಹೃದಯ ತೆರೆದು ಪೂರ್ತಿ ಜೋಡಿಸಿದರು. ಕತ್ತಿ ಹಿಡಿದವರಿಗೆ ನಾಳ ಎಲ್ಲಿದೆಯೆಂಬ ನಕ್ಷೆ ಬೇಕಾಯಿತು. 1957ರಲ್ಲಿ ಡಾರ್ಲಿಂಗ್, ರಾಥ್ನಿ, ಕ್ರೇಗ್ ಕೊಟ್ಟ ನಾಲ್ಕು ಬಗೆಯ ವಿಂಗಡಣೆ ಇಂದಿಗೂ ಬಳಕೆಯಲ್ಲಿದೆ.

ಸುಪ್ರಾಕಾರ್ಡಿಯಾಕ್‌ (ಹೃದಯದ ಮೇಲಿನ) ಬಗೆಯಲ್ಲಿ ರಕ್ತ ಮೇಲೇರಿ ಮೇಲಿನ ಮಹಾಸಿರೆ ಸೇರುತ್ತದೆ. ಸುಮಾರು ಅರ್ಧದಷ್ಟು ಮಕ್ಕಳದ್ದು ಇದೇ. ಕಾರ್ಡಿಯಾಕ್‌ನಲ್ಲಿ ಕೊರೊನರಿ ಸೈನಸ್ (ಹೃದಯದ ಸ್ವಂತ ಸಿರೆ) ಅಥವಾ ನೇರ ಬಲ ಹೃತ್ಕರ್ಣಕ್ಕೆ. ನಾಳಗಳು ಬೇರೆ ಬೇರೆ ದಾರಿ ಹಿಡಿಯುವ ಮಿಶ್ರ ಬಗೆ ಅಪರೂಪ, ಆದರೆ ಮೋಸಗೊಳಿಸುತ್ತದೆ: ಎಕೋದಲ್ಲಿ (ಹೃದಯದ ಸ್ಕ್ಯಾನ್) ಮೂರು ನಾಳ ಕಂಡು ನಾಲ್ಕನೆಯದನ್ನು ಬಿಟ್ಟರೆ ಆಪರೇಷನ್ ಅರ್ಧಕ್ಕೇ ನಿಂತಂತೆ.

ಎಲ್ಲಕ್ಕಿಂತ ಭಯಪಡಬೇಕಾದ್ದು ಇನ್‌ಫ್ರಾಕಾರ್ಡಿಯಾಕ್, ಅಂದರೆ ಹೃದಯದ ಕೆಳಗಿನ ಬಗೆ. ನಾಳ ವಪೆಯನ್ನು (ಎದೆ ಮತ್ತು ಹೊಟ್ಟೆಯ ನಡುವಿನ ಪೊರೆ) ದಾಟಿ ಹೊಟ್ಟೆಗಿಳಿದು, ಹೆಚ್ಚಾಗಿ ಯಕೃತ್ತಿನ ಪೋರ್ಟಲ್ ಸಿರೆ ಸೇರುತ್ತದೆ. ಹುಟ್ಟಿದ ಮೇಲೆ ಡಕ್ಟಸ್ ವಿನೋಸಸ್ (ಗರ್ಭದಲ್ಲಿ ಯಕೃತ್ತನ್ನು ಬಳಸಿ ಹೋಗುವ ನಾಳ) ಮುಚ್ಚಿದಂತೆ ರಕ್ತವೆಲ್ಲ ಯಕೃತ್ತಿನ ಸಣ್ಣ ನಾಳಗಳಲ್ಲೇ ನುಸುಳಬೇಕು. ಹಿಂದಿನ ನಾಳಗಳಲ್ಲಿ ಒತ್ತಡ ಏರಿ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಎಕ್ಸ್‌ರೇಯಲ್ಲಿ ಹೃದಯ ಚಿಕ್ಕದು, ಶ್ವಾಸಕೋಶ ಮಬ್ಬು. ಎದೆಯಲ್ಲಿ ಮರ್ಮರವೂ (ಹೃದಯದ ಅಸಹಜ ಸದ್ದು) ಕೇಳದಿರಬಹುದು. ಹಾಗಾಗಿಯೇ ನ್ಯುಮೋನಿಯಾ ಎಂದು ತಪ್ಪು ತಿಳಿಯುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಮೊದಲು ಕೇಳಬೇಕಾದ್ದು ಬಗೆ ಯಾವುದು ಎಂದಲ್ಲ, ದಾರಿಯಲ್ಲಿ ಅಡಚಣೆಯಿದೆಯೇ ಎಂದು. ಅಡಚಣೆಯಿದ್ದರೆ ಆಪರೇಷನ್ ಅಂದೇ ಆಗಬೇಕು.

ಮಂಡ್ಯದ ಮಿಮ್ಸ್‌ ಆಸ್ಪತ್ರೆಯಲ್ಲಾಗಲಿ ಮೈಸೂರಿನ ಚೆಲುವಾಂಬ ಆಸ್ಪತ್ರೆಯಲ್ಲಾಗಲಿ ಹುಟ್ಟಿದ ಮಗುವಿಗೆ 24 ಗಂಟೆಯಾದ ಮೇಲೆ ಬಲಗೈ ಮತ್ತು ಒಂದು ಕಾಲಿಗೆ ಪಲ್ಸ್ ಆಕ್ಸಿಮೀಟರ್ (ರಕ್ತದ ಆಮ್ಲಜನಕ ಅಳೆಯುವ ಸಾಧನ) ಇಡಿಸಿ ಎಂದು ಕೇಳಿ. ಶೇಕಡಾ 90ಕ್ಕಿಂತ ಕಡಿಮೆ ಬಂದರೆ ಕೂಡಲೇ ಎಕೋ. ಎರಡೂ ಕಡೆ 95 ಮುಟ್ಟದಿದ್ದರೆ, ಅಥವಾ ಎರಡರ ನಡುವೆ 3ಕ್ಕಿಂತ ಹೆಚ್ಚು ಅಂತರವಿದ್ದರೆ, ಒಂದು ಗಂಟೆ ಬಿಟ್ಟು ಮತ್ತೆ ನೋಡಬೇಕು. ಅಡಚಣೆಯಿಲ್ಲದ ಬಗೆ ಈ ಪರೀಕ್ಷೆಯಲ್ಲಿ ಪಾಸಾಗಲೂಬಹುದು. ಹಾಲು ಕುಡಿಯುವಾಗ ಬೆವರುವುದು, ಏದುಸಿರು, ತೂಕ ಏರದಿರುವುದು ಕಂಡರೆ ಮತ್ತೆ ತೋರಿಸಿ.

ಆಪರೇಷನ್ ಆದ ಮೇಲೂ ಕೆಲವು ಮಕ್ಕಳಲ್ಲಿ ಹೊಲಿಗೆಯ ಬಳಿ ನಾಳ ಮತ್ತೆ ಕಿರಿದಾಗುತ್ತದೆ. 1990ರ ದಶಕದಲ್ಲಿ ಇದಕ್ಕೆಂದೇ ನಾಳಕ್ಕೆ ಸೂಜಿ ತಾಗಿಸದೆ, ಸುತ್ತಲಿನ ಹೃದಯಾವರಣವನ್ನು ಹೃತ್ಕರ್ಣಕ್ಕೆ ಹೊಲಿಯುವ ವಿಧಾನ ಬಂತು. ಈ ಕಿರಿದಾಗುವಿಕೆ ಮೊದಲ ವರ್ಷದಲ್ಲೇ ಹೆಚ್ಚು. ಮಗು ಚೆನ್ನಾಗಿ ಆಡುತ್ತಿದೆ ಎಂದು ಆ ವರ್ಷದ ಎಕೋ ತಪ್ಪಿಸಬೇಡಿ.