ಶ್ವೇತಭವನದ ಒಂದು ಮಂಗಳವಾರ ಮತ್ತು ಅದರ ದಿನವಹಿ

ಅಮೆರಿಕದ ಅಧ್ಯಕ್ಷರ ದಿನಚರಿ ಎಂದೊಡನೆ ಮನದಾಳದ ಮಾತುಗಳ ಆಪ್ತ ಡೈರಿಯನ್ನು ನಿರೀಕ್ಷಿಸುವವರಿಗೆ ಅದನ್ನು ತೆರೆದು ನೋಡಿದಾಗ ನಿರಾಸೆಯಾಗುತ್ತದೆ. ನಮ್ಮ ಪೊಲೀಸ್ ಠಾಣೆಗಳ ಸ್ಟೇಷನ್ ಡೈರಿಗೆ ಹೆಚ್ಚು ಹತ್ತಿರವಾದ ದಾಖಲೆ ಅದು. ಅಚ್ಚು ಹಾಕಿಸಿದ ನಮೂನೆಯ ಮೇಲ್ಭಾಗದಲ್ಲಿ ಸ್ಥಳ, ತಾರೀಖು ಮತ್ತು ವಾರ ಇರುತ್ತವೆ. ಕೆಳಗೆ ಒಳಬಂದ ಹೊತ್ತು, ಹೊರಟ ಹೊತ್ತು. ದೂರವಾಣಿ ಕರೆಯನ್ನು ಅಧ್ಯಕ್ಷರೇ ಮಾಡಿದ್ದರೆ ‘ಪಿ’, ಅವರಿಗೆ ಬಂದಿದ್ದರೆ ‘ಆರ್’. ಕೊನೆಯ ಅಂಕಣದಲ್ಲಿ ಯಾರನ್ನು ಕಂಡರು ಎಂಬ ಒಂದು ಸಾಲು. ಏನು ಮಾತಾಡಿದರು ಎಂಬುದಕ್ಕೆ ಆ ಹಾಳೆಯಲ್ಲಿ ಜಾಗವೇ ಇಲ್ಲ. 1972ರ ಜೂನ್ 20, ಮಂಗಳವಾರದ ಹಾಳೆಯಲ್ಲಿ ಅಂಥದೇ ಒಂದು ಸಾಲಿದೆ: ಬೆಳಿಗ್ಗೆ 11.26ರಿಂದ ಮಧ್ಯಾಹ್ನ 12.45ರವರೆಗೆ ಅಧ್ಯಕ್ಷ ರಿಚರ್ಡ್ ನಿಕ್ಸನ್ ತಮ್ಮ ಮುಖ್ಯ ಸಹಾಯಕ ಎಚ್.ಆರ್. ಹಾಲ್ಡ್‌ಮನ್ ಅವರೊಡನೆ ಇದ್ದರು. ಅಧ್ಯಕ್ಷರ ಕಾಗದಪತ್ರ ಯಾರ ಸ್ವತ್ತು, ಅವನ್ನು ಕಾಯಬೇಕಾದವರು ಯಾರು ಎಂಬ ಇಂದಿನ ಗೊಂದಲವನ್ನು ಬಿಡಿಸಲು ಹೊರಟವರು ಈ 79 ನಿಮಿಷಗಳಿಗೆ ಬಂದೇ ಬರಬೇಕಾಗುತ್ತದೆ.

ಸುಮಾರು ಇನ್ನೂರು ವರ್ಷಗಳ ಕಾಲ ಈ ಪ್ರಶ್ನೆಗೆ ಉತ್ತರ ಸರಳವಾಗಿತ್ತು. ಜಾರ್ಜ್ ವಾಷಿಂಗ್ಟನ್ ತಮ್ಮ ಕಾಗದಗಳನ್ನು ಮನೆಗೆ ಒಯ್ದರು, ನಂತರದವರೂ ಅದನ್ನೇ ಮಾಡಿದರು. ಲಿಂಕನ್ ಅವರ ಪತ್ರಗಳು ಮಗನ ಷರತ್ತಿಗೆ ಒಳಪಟ್ಟು 1947ರವರೆಗೆ ಬೀಗದೊಳಗಿದ್ದವು. ಹಾರ್ಡಿಂಗ್ ಅವರ ಕಾಗದಗಳಲ್ಲಿ ಬಹಳಷ್ಟನ್ನು ಅವರ ಪತ್ನಿಯೇ ನಾಶಪಡಿಸಿದರು. ಫ್ರಾಂಕ್ಲಿನ್ ರೂಸ್‌ವೆಲ್ಟ್ ತಮ್ಮ ದಾಖಲೆಗಳನ್ನು ಸರ್ಕಾರಕ್ಕೆ ಕೊಟ್ಟು, ಅವುಗಳಿಗಾಗಿ ಕಟ್ಟಿಸಿದ ಗ್ರಂಥಾಲಯ 1941ರಲ್ಲಿ ತೆರೆಯಿತು. 1955ರ ಕಾಯ್ದೆ ಆ ಪದ್ಧತಿಗೆ ಕಾನೂನಿನ ರೂಪ ಕೊಟ್ಟಿತು. ಆದರೂ ಕೊಡುವುದು ಬಿಡುವುದು ಅಧ್ಯಕ್ಷರ ಇಚ್ಛೆಗೇ ಸೇರಿತ್ತು. ರಾಷ್ಟ್ರದ ಕಾಗದ ಒಬ್ಬರ ಔದಾರ್ಯದ ಮೇಲೆ ನಿಂತಿದ್ದ ಕಾಲ ಅದು.

ಇನ್ನು ಆ ಮಂಗಳವಾರ. ಮೂರು ದಿನ ಹಿಂದೆ, ಜೂನ್ 17ರ ನಸುಕಿನಲ್ಲಿ, ವಾಟರ್‌ಗೇಟ್ ಕಟ್ಟಡದಲ್ಲಿದ್ದ ಡೆಮಾಕ್ರಟಿಕ್ ಪಕ್ಷದ ಕಚೇರಿಗೆ ನುಗ್ಗಿದ್ದ ಐವರು ಸಿಕ್ಕಿಬಿದ್ದಿದ್ದರು. ವಾರಾಂತ್ಯವನ್ನು ಫ್ಲೋರಿಡಾ ಕಡೆ ಕಳೆದ ನಿಕ್ಸನ್ ರಾಜಧಾನಿಗೆ ಮರಳಿ ಪೂರ್ಣವಾಗಿ ಕೆಲಸಕ್ಕೆ ಕುಳಿತ ಮೊದಲ ದಿನ ಇದು. ಅವರು ಕುಳಿತದ್ದು ಶ್ವೇತಭವನದ ಮಗ್ಗುಲ ಕಟ್ಟಡದಲ್ಲಿದ್ದ ತಮ್ಮ ಇನ್ನೊಂದು ಕಚೇರಿಯಲ್ಲಿ. ಅಲ್ಲಿ ಮಾತಿನ ಸದ್ದಾದೊಡನೆ ತಾನಾಗಿ ಚಾಲೂ ಆಗುವ ಧ್ವನಿಮುದ್ರಣ ಯಂತ್ರವಿತ್ತು. ಅದು ಗೊತ್ತಿದ್ದವರು ಬೆರಳೆಣಿಕೆಯ ಮಂದಿ. ಮುಂದಿನ ವರ್ಷ ಜುಲೈ 16ರಂದು ಶ್ವೇತಭವನದ ಮಾಜಿ ಸಹಾಯಕ ಅಲೆಕ್ಸಾಂಡರ್ ಬಟರ್‌ಫೀಲ್ಡ್ ಸೆನೆಟ್ ಸಮಿತಿಯ ಮುಂದೆ ಬಾಯಿಬಿಟ್ಟಾಗಲೇ ಹೊರಜಗತ್ತಿಗೆ ಅದು ತಿಳಿದದ್ದು. ವಾಟರ್‌ಗೇಟ್ ಪ್ರಕರಣದ ವಿಶೇಷ ಅಭಿಯೋಜಕರು ಕೂಡಲೇ ಕೆಲವು ಟೇಪುಗಳನ್ನು ತಮಗೆ ಒಪ್ಪಿಸುವಂತೆ ಕೇಳಿದರು. ಆ ಪಟ್ಟಿಯಲ್ಲಿ ಜೂನ್ 20 ಇತ್ತು.

ಟೇಪು ನ್ಯಾಯಾಲಯದ ಮುಂದೆ ಬಂದಾಗ ಹಾಲ್ಡ್‌ಮನ್ ಅವರೊಡನೆ ನಡೆದ ಸಂಭಾಷಣೆಯ ನಡುವೆ 18½ ನಿಮಿಷ ಮಾತೇ ಇರಲಿಲ್ಲ. ಕೇಳುತ್ತಿದ್ದದ್ದು ಒಂದು ಗುಂಯ್‌ಗುಡುವ ಸದ್ದು, ಮೊದಲು ಜೋರಾಗಿ, ಆಮೇಲೆ ಸ್ವಲ್ಪ ಮೆಲ್ಲಗೆ. ಟೇಪನ್ನು ಬೆರಳಚ್ಚಿಗೆ ಇಳಿಸುತ್ತಿದ್ದ ಅಧ್ಯಕ್ಷರ ಆಪ್ತ ಕಾರ್ಯದರ್ಶಿ ರೋಸ್ ಮೇರಿ ವುಡ್ಸ್, ಫೋನ್ ರಿಂಗಾದಾಗ ತಪ್ಪು ಗುಂಡಿ ಒತ್ತಿ, ಕಾಲನ್ನು ಪೆಡಲಿನ ಮೇಲೇ ಇಟ್ಟು ಫೋನಿಗೆ ಕೈಚಾಚಿದಾಗ ಸುಮಾರು ಐದು ನಿಮಿಷ ಅಳಿಸಿರಬಹುದೆಂದು ಸಾಕ್ಷ್ಯ ನುಡಿದರು. ಉಳಿದ ಹದಿಮೂರೂವರೆ ನಿಮಿಷಕ್ಕೆ ಅವರಲ್ಲಿ ಉತ್ತರವಿರಲಿಲ್ಲ. ಆ ಭಂಗಿಯನ್ನು ಅವರು ಮಾಡಿ ತೋರಿಸಿದ ಛಾಯಾಚಿತ್ರ ಪತ್ರಿಕೆಗಳಲ್ಲಿ ಬಂದು, ದೇಶ ನಕ್ಕಿತು. ಹಾಲ್ಡ್‌ಮನ್ ನಂತರ ಆ ಹುದ್ದೆಗೆ ಬಂದಿದ್ದ ಅಲೆಕ್ಸಾಂಡರ್ ಹೇಗ್ ನ್ಯಾಯಾಲಯದಲ್ಲಿ ಯಾವುದೋ ದುಷ್ಟಶಕ್ತಿಯ ಕೈವಾಡದ ಮಾತೆತ್ತಿದರು. ಪ್ರಮಾಣ ಮಾಡಿ ನುಡಿದ ಸಾಕ್ಷ್ಯದಲ್ಲಿ ಭೂತಚೇಷ್ಟೆಗೆ ಇಷ್ಟು ಹತ್ತಿರ ಹೋದ ಅಧಿಕಾರಿಗಳು ವಿರಳ. ಎರಡೂ ಕಡೆಯವರು ಒಪ್ಪಿ ನೇಮಿಸಿದ ಆರು ತಜ್ಞರ ತಂಡ 1974ರ ಜನವರಿಯಲ್ಲಿ ತನ್ನ ತೀರ್ಮಾನ ತಿಳಿಸಿತು: ಅಳಿಸುವಿಕೆ ಒಂದೇ ಸಲ ನಡೆದದ್ದಲ್ಲ, ಕನಿಷ್ಠ ಐದು ಬಾರಿ ನಡೆದಿದೆ, ಮತ್ತು ಅದಕ್ಕೆ ಯಂತ್ರದ ಗುಂಡಿಗಳನ್ನು ಕೈಯಿಂದಲೇ ಒತ್ತಿರಬೇಕು. ಯಾರ ಕೈ ಎಂಬುದನ್ನು ಅವರು ಹೇಳಲಿಲ್ಲ. ಇಂದಿಗೂ ಅದು ಸಾಬೀತಾಗಿಲ್ಲ.

ಇಲ್ಲಿ ನೀರಸ ಕಾಗದಗಳು ಮುಖ್ಯವಾಗುತ್ತವೆ. ಗುಮಾಸ್ತರು ಸೀಕ್ರೆಟ್ ಸರ್ವಿಸ್‌ನ ಟಿಪ್ಪಣಿ, ಸ್ವಿಚ್‌ಬೋರ್ಡಿನ ಚೀಟಿ, ಭೇಟಿಗಳ ಪಟ್ಟಿ ಎಲ್ಲವನ್ನೂ ಹೊಂದಿಸಿ ಬರೆದ ದಿನವಹಿಯಿಂದ ಆ ಹೊತ್ತಿನಲ್ಲಿ ಕೋಣೆಯೊಳಗೆ ಯಾರಿದ್ದರೆಂಬುದು ನಿಖರವಾಗಿ ತಿಳಿಯುತ್ತದೆ. ಹಾಲ್ಡ್‌ಮನ್ ಹಳದಿ ಹಾಳೆಯಲ್ಲಿ ಗೀಚಿಕೊಂಡ ಟಿಪ್ಪಣಿಗಳೂ ಉಳಿದಿವೆ. ಕಚೇರಿಯಲ್ಲಿ ಕದ್ದಾಲಿಕೆಯ ಸಾಧನಗಳಿವೆಯೇ ಎಂದು ತಪಾಸಣೆ ಮಾಡಿಸಬೇಕು, ವಿರೋಧಿಗಳ ಮೇಲೆ ಪ್ರತಿದಾಳಿಯ ಪ್ರಚಾರ ನಡೆಸಬೇಕು ಎಂಬ ಸಾಲುಗಳು ಅದರಲ್ಲಿವೆ. ಅಳಿದುಹೋದ ಮಾತು ಎತ್ತ ಕಡೆಯದೆಂದು ಊಹಿಸಲು ಅಷ್ಟು ಸಾಕು, ಸಾಧಿಸಲು ಸಾಲದು. ಅಳಿಸಿದ ಧ್ವನಿಯನ್ನು ಮರಳಿ ಪಡೆಯಲು ರಾಷ್ಟ್ರೀಯ ಪತ್ರಾಗಾರ 2001ರಿಂದ ಪ್ರಯೋಗಗಳನ್ನು ನಡೆಸಿ, 2003ರಲ್ಲಿ ಸದ್ಯಕ್ಕೆ ಅಸಾಧ್ಯವೆಂದು ಕೈಬಿಟ್ಟಿತು. ಹಾಲ್ಡ್‌ಮನ್ ಟಿಪ್ಪಣಿಗಳಲ್ಲಿ ಹಾಳೆಯೊಂದು ಕಳೆದುಹೋಗಿರಬಹುದೆಂಬ ಶಂಕೆಯಿಂದ, ಅದರ ಬರಹದ ಒತ್ತು ಉಳಿದ ಹಾಳೆಗಳ ಮೇಲೆ ಮೂಡಿದೆಯೇ ಎಂದು ಆಮೇಲೆ ಪರೀಕ್ಷಿಸಿದಾಗಲೂ ಹೊಸದೇನೂ ಸಿಗಲಿಲ್ಲ.

ನಿಕ್ಸನ್ ಅವರನ್ನು ಕೊನೆಗೆ ಕೆಳಗಿಳಿಸಿದ್ದು ಮೂರು ದಿನ ನಂತರದ, ಜೂನ್ 23ರ, ಅಳಿಯದೆ ಉಳಿದ ಟೇಪು. 1974ರ ಆಗಸ್ಟ್ 9ರಂದು ಅವರು ಹೊರನಡೆದ ತಿಂಗಳೊಳಗೆ ಸರ್ಕಾರಿ ಅಧಿಕಾರಿಯೊಬ್ಬರೊಡನೆ ಒಂದು ಒಪ್ಪಂದವಾಯಿತು: ಟೇಪುಗಳನ್ನು ಅವರ ಮರಣಾನಂತರ ಅಥವಾ 1984ರ ಸೆಪ್ಟೆಂಬರಿನಲ್ಲಿ, ಯಾವುದು ಮೊದಲೋ ಆಗ, ನಾಶಮಾಡತಕ್ಕದ್ದು. ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಅದೇ ಡಿಸೆಂಬರಿನಲ್ಲಿ ಕಾಯ್ದೆ ಮಾಡಿ ಅವನ್ನು ವಶಕ್ಕೆ ತೆಗೆದುಕೊಳ್ಳದಿದ್ದರೆ ಸುಮಾರು 3,700 ಗಂಟೆಗಳ ಧ್ವನಿಯಲ್ಲಿ ನಮಗೆ ಏನು ಉಳಿಯುತ್ತಿತ್ತೋ. 1978ರ ಅಧ್ಯಕ್ಷೀಯ ದಾಖಲೆಗಳ ಕಾಯ್ದೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, 1981ರ ಜನವರಿ 20ರಿಂದಾಚೆಯ ದಾಖಲೆಗಳು ಅಮೆರಿಕ ರಾಷ್ಟ್ರದ ಸ್ವತ್ತೆಂದು ಸಾರಿತು. ಒಳ್ಳೆಯ ಕಾಯ್ದೆ, ಆದರೆ ಅಧಿಕಾರದಲ್ಲಿರುವಷ್ಟು ಕಾಲ ಯಾವುದನ್ನು ಹೇಗೆ ಇಡಬೇಕೆಂಬುದನ್ನು ಅಧ್ಯಕ್ಷರ ಕೈಗೇ ಬಿಡುತ್ತದೆ. ಮುರಿದವರಿಗೆ ಅದರೊಳಗೆ ಶಿಕ್ಷೆಯ ಕಲಮೇ ಇಲ್ಲ.

ಹೀಗಾಗಿ, ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರ ಬೆಂಬಲಿಗರ ಗುಂಪು ಸಂಸತ್ ಭವನಕ್ಕೆ ನುಗ್ಗಿದ 2021ರ ಜನವರಿ 6ರ ದಾಖಲೆಗಳಿಗಾಗಿ ನಡೆದ ಕಾದಾಟ ಸ್ವತ್ತಿನ ಪ್ರಶ್ನೆಯಲ್ಲಿ ಬೇಗನೆ ಇತ್ಯರ್ಥವಾಯಿತು. ಅವನ್ನು ಆ ದಾಳಿಯ ತನಿಖೆ ನಡೆಸುತ್ತಿದ್ದ ಸಂಸದೀಯ ಸಮಿತಿಗೆ ಕೊಡದಂತೆ ತಡೆಯಬೇಕೆಂಬ ಟ್ರಂಪ್ ಅವರ ಕೋರಿಕೆಯನ್ನು ಸುಪ್ರೀಂ ಕೋರ್ಟ್ 2022ರ ಜನವರಿ 19ರಂದು ತಳ್ಳಿಹಾಕಿತು. ಅದೇ ತಿಂಗಳು ಪತ್ರಾಗಾರ ಫ್ಲೋರಿಡಾದ ಟ್ರಂಪ್ ನಿವಾಸದಿಂದ 15 ಪೆಟ್ಟಿಗೆ ದಾಖಲೆಗಳನ್ನು ಮರಳಿ ತರಿಸಿಕೊಂಡಿತು. ತನ್ನ ವಶಕ್ಕೆ ಬಂದ ಶ್ವೇತಭವನದ ದಾಖಲೆಗಳಲ್ಲಿ ಹರಿದು ಹಾಕಿದ್ದ ಕಾಗದಗಳೂ ಇದ್ದವೆಂದು, ಕೆಲವನ್ನು ಯಾರೋ ಟೇಪಿನಿಂದ ಅಂಟಿಸಿದ್ದರೆಂದು ಅದು ಹೇಳಿದ್ದುಂಟು. ಆದರೆ ಸಮಿತಿಗೆ ಸಿಕ್ಕ ಆ ದಿನದ ಕರೆಗಳ ಪಟ್ಟಿಯಲ್ಲಿ, ಗುಂಪು ಸಂಸತ್ ಭವನದೊಳಗಿದ್ದ ಹೊತ್ತೂ ಸೇರಿ, 7 ಗಂಟೆ 37 ನಿಮಿಷ ಖಾಲಿಯಿತ್ತು. ಆ ಅವಧಿಯಲ್ಲಿ ಅಧ್ಯಕ್ಷರೊಡನೆ ಫೋನಿನಲ್ಲಿ ಮಾತಾಡಿದ್ದಾಗಿ ಸಂಸದರೇ ಹೇಳಿದ್ದಾರೆ.

1972ರಲ್ಲಿ ಟೇಪಿನ ಮಾತು ಅಳಿದರೂ ಗುಮಾಸ್ತರ ಸಾಲು ಉಳಿದಿತ್ತು. ಈ ಬಾರಿ ಅಳಿಸುವ ಗೋಜಿಲ್ಲ, ಏಕೆಂದರೆ ಬರೆಯುವವರಿಗೆ ಯಾರಾದರೂ ತಿಳಿಸಿದ್ದಷ್ಟೇ ದಿನವಹಿಗೆ ಏರುತ್ತದೆ, ಕಿಸೆಯ ಮೊಬೈಲಿನಲ್ಲಿ ಆಡಿದ ಮಾತಿಗೆ ಸ್ವಿಚ್‌ಬೋರ್ಡಿನ ಚೀಟಿ ಇರುವುದಿಲ್ಲ. ಜನವರಿ 6ರ ಹಾಳೆಯಲ್ಲಿ ಮಧ್ಯಾಹ್ನ 1.21ಕ್ಕೆ ಅಧ್ಯಕ್ಷರು ತಮ್ಮ ಪರಿಚಾರಕರನ್ನು ಕಂಡರೆಂಬ ಸಾಲಿದೆ. ಅದರ ಮುಂದಿನ ಸಾಲು 4.03ರದು.